ಎಷ್ಟು ಕಡ್ಡಿ?

ಮೊದಲು ರೇಟು ಕೇಳಬೇಡಿ ಸ್ವಾಮಿ,
ಮನೆ ಎಲ್ಲಿ ಹೇಳಿ.
ರೈಲು ಗೇಟಿನ ಈಚೆಯೋ, ಆಚೆಯೋ,
ತೆಂಕಣಕ್ಕೆ ತೆಂಗಿನ ಮರ ಎಷ್ಟು,
ಪಕ್ಕದವರು ಇನ್ನೊಂದು ಮಾಳಿಗೆ ಎಬ್ಬಿಸುವ
ಮಾತೇನಾದರೂ ಆಡುತ್ತಿದ್ದಾರೋ.

ಅರಸೀಕೆರೆಗೆ ಚಿತ್ರ ಬರುವುದು ಹಾಸನದಿಂದ.
ನಲವತ್ತು ಕಿಲೋಮೀಟರು ಬಯಲು ಹಾಯ್ದು
ಬರುವಷ್ಟರಲ್ಲಿ ಏದುಸಿರು.
ಮದುವೆಗೆ ನಡೆದೇ ಬಂದ ಬಡ ನೆಂಟನ ಹಾಗೆ
ಚಪ್ಪರದ ಹೊರಗೇ ನಿಂತುಬಿಡುತ್ತದೆ.
ಕೈ ಹಿಡಿದು ಒಳಗೆ ಕರೆಯಬೇಕು,
ಆಂಟೆನಾ ಅಂದರೆ ಅಷ್ಟೆ.

ಅದೇ ಹಾಸನದಲ್ಲಿ, ಸಾಲಗಾಮೆ ರಸ್ತೆಯಲ್ಲಿ,
ಉಪಗ್ರಹಗಳ ಮೂಗುದಾರ ಹಿಡಿದು ಕೂತಿದ್ದಾರೆ.
ಕಣದಷ್ಟಗಲದ ತಟ್ಟೆಗಳು ಆಕಾಶ ನೋಡುತ್ತಿವೆ.
ನಮಗೆ ಮಾತ್ರ ಭಾನುವಾರದ ಸಿನಿಮಾ
ಇರುವೆ ಮುತ್ತಿದ ಬೆಲ್ಲದಚ್ಚು.

ನಮ್ಮಪ್ಪ ಅಕ್ಕಸಾಲಿ.
ಓಲೆ ಮಾಡಿಸಲು ಬಂದವರಿಗೆ
ತಕ್ಕಡಿ ಎತ್ತುವ ಮೊದಲು ಕೇಳುತ್ತಿದ್ದ,
"ಯಾರ ಕಿವಿಗಮ್ಮ?"
ನಾನು ಚಿನ್ನ ಬಿಟ್ಟು ಅಲ್ಯೂಮಿನಿಯಂಗೆ ಬಂದವನು,
ಕೇಳುವುದನ್ನು ಬಿಟ್ಟಿರಲಿಲ್ಲ:
ಮನೆಯಲ್ಲಿ ಯಾರು ನೋಡುವುದು?

ಪಾಯಿಂಟ್ಸ್‌ಮನ್ ಅರುಳಪ್ಪ ಹೇಳಿದ,
"ಮಗಳು ಸಗಾಯ. ಕಿವಿ ಕೇಳಲ್ಲ ಆಚಾರ್ರೇ.
ಸದ್ದು ಹೆಂಗಿದ್ರೂ ನಡೀತದೆ."
ನಾನು ಸುಲಭದ ಲೆಕ್ಕ ಹಾಕಿದೆ.
ಸದ್ದು ಬೇಡ ಅಂದರೆ ನಾಲ್ಕು ಕಡ್ಡಿ ಸಾಕು,
ಬಡವನಿಗೆ ಅರವತ್ತು ರೂಪಾಯಿ ಉಳಿಯಿತು.
ಪುಣ್ಯ ಕಟ್ಟಿಕೊಂಡೆ ಅಂದುಕೊಂಡೆ.

ಮುಂದಿನ ಸೋಮವಾರ ಅಂಗಡಿ ಮುಂದೆ ಅರುಳಪ್ಪ.
"ನಾಲ್ಕು ಕೈ ಬರ್ತಾವೆ."

ಭಾನುವಾರ ಮಧ್ಯಾಹ್ನ ಒಂದು ಕಾಲು ಗಂಟೆ
ಕಿವಿ ಕೇಳದವರಿಗೆ ಕೈಯಲ್ಲೇ ವಾರ್ತೆ ಓದುತ್ತಾರಲ್ಲ, ಅದು.
ಮೈಸೂರಿನ ಶಾಲೆಯಲ್ಲಿ ಕಲಿತ ಕೈಮಾತು,
ಅರಸೀಕೆರೆಯಲ್ಲಿ ಅವಳೊಡನೆ ಅದನ್ನಾಡಲು
ನರಪಿಳ್ಳೆ ಇಲ್ಲ. ವಾರಕ್ಕೊಮ್ಮೆ
ಆ ಪೆಟ್ಟಿಗೆಯೊಳಗಿನ ಹೆಂಗಸು ಮಾತ್ರ.
ಅವಳ ಕೈ ನೇರ ಬಂದದ್ದೊಂದು,
ಮಾಲೇಕಲ್ಲು ಬೆಟ್ಟಕ್ಕೆ ಬಡಿದು ತಡವಾಗಿ ಬಂದದ್ದೊಂದು,
ಬೆರಳಿಗೆ ಬೆರಳು ಹುಟ್ಟಿ,
ಹೆಬ್ಬೆರಳು ಯಾವುದರದು ಅಂತಲೇ ತಿಳಿಯದು.
ನಮಗಾದರೆ ಅದು ಬರೀ ನೆರಳು.
ಸಗಾಯಳಿಗೆ ತೊದಲು.

ಬೂಸ್ಟರ್ ಹಾಕಿ ಅಂದ ಪಕ್ಕದ ಗಾರ್ಡು.
ಬೂಸ್ಟರಿಗೆ ಅಸಲಿ ನಕಲಿ ಗೊತ್ತಿಲ್ಲ ಸ್ವಾಮಿ,
ಎರಡಕ್ಕೂ ಸಮನಾಗಿ ಉಣ್ಣಿಸುತ್ತದೆ.
ಬೇಕಾದ್ದು ಉದ್ದದ್ದು, ಹನ್ನೊಂದು ಕಡ್ಡಿಯದು.
ಕುದುರೆಗೆ ಕಣ್ಣುಪಟ್ಟಿ ಕಟ್ಟಿದಂತೆ
ಮುಂದೆ ಬಿಟ್ಟರೆ ಅಕ್ಕಪಕ್ಕ ನೋಡುವುದಿಲ್ಲ.

ಭಾನುವಾರ ಕ್ವಾರ್ಟರ್ಸಿನ ಹೆಂಚು ಹತ್ತಿ
ಕಂಬ ತಿರುಗಿಸಿ, ಎಂದಿನ ರೂಢಿ, ಕೂಗಿದೆ,
"ಬಂತಾ?"
ಅರುಳಪ್ಪ ಡ್ಯೂಟಿಗೆ ಹೋಗಿದ್ದ.
ಯಾರೂ ಓಗೊಡಲಿಲ್ಲ.
ಮತ್ತೆ ಕೂಗಿದೆ, ಬುದ್ಧಿ ಬೇಡವೇ.

ಬಗ್ಗಿ ನೋಡಿದರೆ
ಅಪ್ಪನ ಎರಡು ಬಾವುಟ ಹಿಡಿದು
ಬಾಗಿಲಲ್ಲಿ ನಿಂತಿದ್ದಾಳೆ ಹುಡುಗಿ.
ಕೆಂಪು ಎತ್ತಿದಳು.
ಒಂದು ಬೆರಳಗಲ ತೆಂಕಣಕ್ಕೆ ನೂಕಿದೆ.
ಕೆಂಪು.
ಒಂಚೂರು ಪಡುವಲಕ್ಕೆ. ಒಳಗೋಡಿ ನೋಡಿ ಬಂದು
ಕೆಂಪು.
ಗೂಡ್ಸು ಗಾಡಿ ಹೋಯಿತು, ಹೆಂಚೆಲ್ಲ ಗದಗದ,
ಕಂಬ ತಾನಾಗಿ ಒಂದು ಎಳೆ ಜರುಗಿತು.
ಹಸಿರು.

ನಾನು ಇಳಿಯಲು ಕಾಲು ಚಾಚಿದರೆ
ಮತ್ತೆ ಕೆಂಪು.
ನನ್ನ ಕಣ್ಣಿಗೆ ಎಂದೂ ಕಾಣದ ಕೂದಲೆಳೆ ನೆರಳು
ಅವಳಿಗಿನ್ನೂ ಉಳಿದಿತ್ತು.
ಕಾದ ಹೆಂಚಿನ ಮೇಲೆ ಅಂಗಾಲು ಸುಟ್ಟುಕೊಂಡು
ಅವಳು ಹೇಳಿದಷ್ಟೂ ತಿರುಗಿಸಿದೆ.

ಕೊನೆಗೆ ಬಾವುಟ ಬರಲೇ ಇಲ್ಲ.
ಇಳಿದು ಕಿಟಕಿಯಲ್ಲಿ ಇಣುಕಿದೆ.
ಎರಡೂ ನೆಲಕ್ಕೆ ಬಿದ್ದಿದ್ದವು.
ಪೆಟ್ಟಿಗೆಯ ಹೆಂಗಸಿಗೆ ಎರಡೇ ಕೈ,
ಸಗಾಯ ತನ್ನೆರಡು ಕೈಯಲ್ಲಿ
ಅವಳಿಗೇನೋ ಉತ್ತರ ಹೇಳುತ್ತಿದ್ದಳು, ಜೋರಾಗಿ,
ಜಗಳವೇ ಇರಬೇಕು.
ವಾರ್ತೆ ಮುಗಿಯಲು ಎರಡು ನಿಮಿಷವಿತ್ತು.
ಆ ವಾರದ ಸುದ್ದಿ ಏನಂತ ನನಗೆ ಈಗಲೂ ಗೊತ್ತಿಲ್ಲ.

ಅದಕ್ಕೇ ಕೇಳಿದ್ದು.
ನಿಮ್ಮ ಮನೆಯಲ್ಲಿ ಯಾರು ನೋಡುವುದು, ಏನನ್ನು?
ಯೋಚಿಸಿ ನಾಳೆ ಹೇಳಿದರೂ ಆಯಿತು.
ಕಂಬ ನಿಮ್ಮದೇ ಇದ್ದರೆ
ಇಪ್ಪತ್ತು ರೂಪಾಯಿ ಕಮ್ಮಿ.