ತಳವಿಲ್ಲದ ಬಲೆ

ಇಷ್ಟು ಮಳೆ ಹೊಯ್ಯುವ ಊರಲ್ಲಿ ಬರ ಅಂದರೆ
ಯಾರಾದರೂ ನಕ್ಕಾರು.
ಆದರೂ ಬೋಳಾರದ ಕೋರ್ಟಿನಲ್ಲಿ ನಮಗೆ
ಹದಿನೇಳು ವರ್ಷದ ಬರ.
ಲೀಗು ಆಡುತ್ತೇವೆ, ಅಲ್ಲೊಂದು ಇಲ್ಲೊಂದು ಗೆಲ್ಲುತ್ತೇವೆ,
ನಾಕೌಟಿನ ಪಟ್ಟಿ ಗೋಡೆಗೆ ಅಂಟುವ ದಿನ
ಬ್ಯಾಗಿನ ಜಿಪ್ಪು ಎಳೆಯುತ್ತೇವೆ.

ನಾನು ಆಡುವವಳಲ್ಲ, ಬರೆಯುವವಳು.
ಮೇಜಿನ ಎಡತುದಿ, ಎರಡು ಬಣ್ಣದ ಪೆನ್ನು,
ನಾಲ್ಕು ಫೌಲಾದವನಿಗೆ ಹುಬ್ಬಿನಲ್ಲೇ ಎಚ್ಚರಿಕೆ.
ಇಪ್ಪತ್ತಮೂರು ಪುಸ್ತಕ ಕಪಾಟಿನಲ್ಲಿವೆ.
ಆರನೆಯದರ ಕೊನೆಯ ಹಾಳೆಯಲ್ಲಿ
ಸೆಮಿಫೈನಲ್ ಎಂಬ ಪದ. ನನ್ನದೇ ಕೈ,
ಆದರೆ ಬೇರೆ ಯಾವಳೋ ಬರೆದ ಹಾಗೆ,
ಅಷ್ಟು ದುಂಡಗೆ.

ಕಂಪೆನಿ ಸಂಬಳ ಕೊಡುತ್ತದೆ, ಹುಡುಗರು ಬರುತ್ತಾರೆ.
ಪಂಜಾಬಿನ ಉದ್ದದವನೊಬ್ಬ ಬಂದ,
ಬಂಗುಡೆ ತಿನ್ನಲು ಕಲಿತ,
ಮುಳ್ಳು ಬಿಡಿಸಲು ಕಲಿಯುವಷ್ಟರಲ್ಲಿ ಕರಾರು ಮುಗಿಯಿತು.
ಕೋಚುಗಳು ಐವರು, ಮ್ಯಾನೇಜರು ಮೂವರು.
ಬರ ಒಂದೇ ಇಲ್ಲಿ ಖಾಯಂ ನೌಕರ.

ಉಪ್ಪುಗಾಳಿಗೆ ರಿಂಗು ತುಕ್ಕು ಹಿಡಿಯುತ್ತದೆ, ಬಲೆ ಕೊಳೆಯುತ್ತದೆ.
ಪ್ರತಿ ಸೆಪ್ಟೆಂಬರಿಗೆ ಬೆಂಗ್ರೆಯಿಂದ ಹಸನಬ್ಬ
ದೋಣಿ ದಾಟಿ ಬರುತ್ತಾರೆ, ಟ್ರಾಲರಿನ ನೈಲಾನು ದಾರ ಹಿಡಿದು.
"ಇದೆಂತ ಬಲೆ ಬಾಯಮ್ಮ,
ಸಿಕ್ಕಿದ್ದನ್ನು ಬಿಡಲಿಕ್ಕೆಂದೇ ಹೆಣೆಯುವುದು?"
ಹೆಬ್ಬೆರಳಲ್ಲಿ ಗಂಟು ಬಿಗಿದು ಕೇಳುತ್ತಾರೆ, ಪ್ರತಿ ವರ್ಷ,
ಹಿಂದೆ ಎಂದೂ ಕೇಳೇ ಇಲ್ಲದವರ ಹಾಗೆ.

ಉಡುಪಿಯವರ ಕಥೆ ಬೇರೆ.
ಇಪ್ಪತ್ತೆರಡು ವರ್ಷ, ಒಂದೂ ತಪ್ಪದೆ ನಾಕೌಟು.
ಅವರ ಜಯಕರ ಮೆಂಡನ್ ಮೊದಲ ವರ್ಷ ಪೋಯಿಂಟ್ ಗಾರ್ಡು,
ಈಗ ಕೋಚು. ಹೊಟ್ಟೆ ಬಂದಿದೆ, ಮಂಡಿ ಹೋಗಿದೆ,
ಸಾಲು ಮಾತ್ರ ಕಡಿದಿಲ್ಲ.
ನಾವು ಸೋತರೆ ಹಸಿವು, ಊಟದ ಯೋಚನೆ.
ಅವರು ಗೆದ್ದರೂ ಮುಖದಲ್ಲಿ
ಎಣ್ಣೆ ತುಂಬಿದ ಬಟ್ಟಲು ಹೊತ್ತು ನಡೆಯುವವರ ಬಿಗಿ.

ಮೇ ತಿಂಗಳ ಕೊನೆಯ ಶನಿವಾರ, ಕೊನೆಯ ಲೀಗು.
ಅವರು ಸೋಲಬಾರದು. ನಾವು ಏಳರಿಂದ ಗೆಲ್ಲಬೇಕು.
ನಡುವೆ ಎಲ್ಲಿಯೋ ಸುರತ್ಕಲ್ಲಿನವರು
ಮನೆಯಲ್ಲೇ ಕೂತು ಮೊಬೈಲು ನೋಡುತ್ತಿದ್ದಾರೆ.
ಸೆಖೆ. ಗುಡುಗು. ಹೊನಲುದೀಪಕ್ಕೆ ಹಾತೆಗಳು.
ಅರವತ್ತನಾಲ್ಕು, ಐವತ್ತೆಂಟು.
ಹನ್ನೊಂದು ಸೆಕೆಂಡು ಬಾಕಿ.
ನಮ್ಮ ನಾರ್ಬರ್ಟನಿಗೆ ಎರಡು ಫ್ರೀ ಥ್ರೋ.

ಮೊದಲನೆಯದು ರಿಂಗಿನ ಬೆನ್ನಿಗೆ ತಾಗಿ ಹಾರಿತು.
ಎರಡನೆಯದು ಒಳಗೆ ಹೋಯಿತು, ನೋಡಿದೆ,
ಅರ್ಧ ಹೋಯಿತು,
ಒಳಗೊಂದು ಸುತ್ತು ಬಂದು
ಮರೆತದ್ದು ನೆನಪಾದವರ ಹಾಗೆ ಹೊರಗೆ ಬಂತು.
ಬರೆದೆ: ಎರಡು ಬರಿಯ ಸೊನ್ನೆ, ಒಳಗೆ ಚುಕ್ಕೆಯಿಲ್ಲದ್ದು.

ಗೆದ್ದೆವು. ಆರರಿಂದ.
ಅವರ ಇಪ್ಪತ್ತೆರಡು ಮುಗಿಯಿತು,
ನಮ್ಮ ಹದಿನೇಳು ಹದಿನೆಂಟಾಯಿತು,
ಸುರತ್ಕಲ್ಲಿನಲ್ಲಿ ಯಾರೋ ಪಟಾಕಿ ಹೊಡೆದಿರಬೇಕು.

ನಮ್ಮ ಹುಡುಗರು ಬ್ಯಾಗು ಹೆಗಲಿಗೇರಿಸಿ
ಕಬಾಬಿನ ಗಾಡಿ ಮುಚ್ಚೀತೆಂದು ಓಡಿದರು. ಅಭ್ಯಾಸ.
ಉಡುಪಿಯ ಹುಡುಗರಿಗೆ ಮಾತ್ರ
ಎದ್ದು ಹೋಗುವುದು ಹೇಗೆಂದು ತಿಳಿಯಲಿಲ್ಲ.
ಬೆಂಚಿನಲ್ಲೇ ಕೂತರು,
ಇನ್ನೂ ಒಂದು ಕ್ವಾರ್ಟರು ಇದೆ ಅನ್ನುವ ಹಾಗೆ.

ಜಯಕರ ಮೇಜಿನ ಹತ್ತಿರ ಬಂದರು, ಪುಸ್ತಕ ಕೇಳಿದರು.
ಕೂಡಿಸಿ ನೋಡಿದರು. ಮತ್ತೊಮ್ಮೆ.
ನನ್ನ ಲೆಕ್ಕ ತಪ್ಪಿರಲಿ ಎಂದು
ಮೊದಲ ಸಲ ನಾನೂ ಬಯಸಿದೆ.
"ಹದಿನೇಳು ವರ್ಷ ಹೇಗೆ ಇದ್ದಿರಿ ಬಾಯಮ್ಮ?"

ಹೇಳಲಿಕ್ಕೆ ಎಂತ ಉಂಟು?
ಕಡಲು ಎರಡು ತಿಂಗಳು ಮುಚ್ಚುತ್ತದೆ,
ಬೆಂಗ್ರೆಯವರು ಅದನ್ನು ಬರ ಅನ್ನುವುದಿಲ್ಲ,
ಬಲೆ ರಿಪೇರಿ ಅನ್ನುತ್ತಾರೆ.
ಇಷ್ಟು ಹೇಳಬಹುದಿತ್ತು. ಹೇಳಲಿಲ್ಲ.
"ಉಡುಪಿಗೆ ಲಾಸ್ಟ್ ಬಸ್ಸು ಹತ್ತೂವರೆಗೆ" ಅಂದೆ.

ಆಚೆ ಹಸನಬ್ಬ ಏಣಿ ಇಟ್ಟು
ಮಳೆಗೆ ಮೊದಲು ಬಲೆ ಬಿಚ್ಚುತ್ತಿದ್ದರು.
ಜಯಕರ ಹೋಗಿ, ಕೇಳದೆಯೇ,
ಏಣಿಯ ಬುಡ ಹಿಡಿದು ನಿಂತರು.