ನಾಲ್ಕಡಿಯ ಗೆರೆ

ದುರ್ಗಿಗುಡಿಯ ಜೆರಾಕ್ಸ್ ಅಂಗಡಿಯ ಶಟರ್ ಎಳೆದು ಬಂದು
ಎರಡೂ ಕರಪತ್ರ ಊಟದ ಚಾಪೆಯ ಮೇಲೆ ಹರಡಿದೆ.
ಒಂದರಲ್ಲಿ ಅಲೆಯ ಕೊಳ, ಕೋಣೆಗೆ ಎಸಿ.
ಇನ್ನೊಂದರಲ್ಲಿ ಮಳೆಯ ಕುಣಿತ, ಬೆಳಗಿನ ಇಡ್ಲಿ ಬಿಟ್ಟಿ.

ಮೊದಲನೆಯದಕ್ಕೆ ಹೊರಗಿನ ತಿಂಡಿ ಒಯ್ಯುವಂತಿಲ್ಲ.
"ಪತ್ರೊಡೆನೂ?" ಎಂದ ಅತ್ತೆ
ಕನ್ನಡಕ ತೆಗೆದಿಟ್ಟರು. ಅವರ ಓಟು ಬಿದ್ದಂತಾಯಿತು.
ರತ್ನಮಾಲಾ ಕೇಳಿದ್ದು ಒಂದೇ:
"ಬಾಡಿಗೆಯ ಈಜುಡುಗೆ ದಿನಾ ಒಗೀತಾರಾ?"

ಹಾಳಾದ ಒಂದು ಪ್ರತಿಯ ಬೆನ್ನಿಗೆ ಲೆಕ್ಕ ಹಾಕಿದೆ.
ನಾಲ್ಕಡಿಯೊಳಗಿನ ಮಕ್ಕಳಿಗೆ ಎರಡೂ ಕಡೆ ಅರ್ಧ ಟಿಕೆಟ್ಟು.
"ಗೇಟಿನಲ್ಲಿ ಸ್ವಲ್ಪ ಮಂಡಿ ಮಡಿಸು ಪುಟ್ಟಾ,"
ಅಂದೆ, ನಕ್ಕು.

ಇಂಪನ ನಗಲಿಲ್ಲ. ಸಣ್ಣಕ್ಷರಕ್ಕೆ ಬೆರಳಿಟ್ಟಳು:
ದೊಡ್ಡ ಜಾರುಬಂಡೆ ನಾಲ್ಕಡಿ ಮೇಲ್ಪಟ್ಟವರಿಗೆ ಮಾತ್ರ.
"ಗೇಟಿಂದ ಅಲ್ಲಿಗೆ ಹೋಗೋದ್ರೊಳಗೆ
ಬೆಳೀಬೇಕಾ ಅಪ್ಪಾ?"

ಬಾಗಿಲ ಚೌಕಟ್ಟಿಗೆ ಒರಗಿ ನಿಂತಳು, ಹಿಮ್ಮಡಿ ಊರಿ.
ಅಂಗಡಿಯ ಸ್ಕೇಲು ನೆತ್ತಿಯ ಮೇಲಿಟ್ಟು ಗೆರೆ ಎಳೆದೆ.
ನಾಲ್ಕಡಿ. ಅದರ ಮೇಲೊಂದು ಬೆರಳು.
ಯುಗಾದಿಯ ಗೆರೆ ಎಷ್ಟು ಕೆಳಗಿತ್ತು!

ಯಾವ ಪಾರ್ಕು ಅಂತ ಇನ್ನೂ ತೀರ್ಮಾನವಾಗಿಲ್ಲ.
ಅರ್ಧ ಎಂದು ಬರೆದದ್ದನ್ನು ಮಾತ್ರ ಹೊಡೆದು ಹಾಕಿದ್ದೇನೆ.
ಒಳಗೆ ಅತ್ತೆ, ಕೆಸುವಿನ ಎಲೆ
ಯಾರ ಹಿತ್ತಲಲ್ಲಿದೆ ಅಂತ ಕೇಳುತ್ತಿದ್ದಾರೆ.