ಹರಿಹರಕ್ಕೊಂದು ಚೀಟಿ

ಮಹಡಿ ಕೋಣೆಗೆ ಬಾಡಿಗೆಗೆ ಬಂದವನು
ಮೊದಲ ಬೆಳಗ್ಗೆ ಮೆಟ್ಟಿಲ ಮೇಲೆ ನಿಂತು ಕೇಳಿದ:
"ಹೊರಗೆ ಹೋಗಬಹುದಾ ಮೇಡಂ?"
ಬಾಗಿಲು ತೆರೆದೇ ಇತ್ತು.
ಹಾಲಿನ ರೇವಣ್ಣ ಒಳಗೆ ಬರುತ್ತಿದ್ದ,
ಬೆಕ್ಕು ಹೊರಗೆ ಹೋಗುತ್ತಿತ್ತು,
ಎರಡೂ ಜೀವ ನನ್ನನ್ನು ಕೇಳಿರಲಿಲ್ಲ.

ಹೆಸರು ಹಬ್ತೋಮ್. ಕೆಂಪು ಸಮುದ್ರದ ಆಚೆ ದಡದವನು,
ಇಲ್ಲಿ ಫಾರ್ಮಸಿ ಓದುತ್ತಾನೆ.
ರೇವಣ್ಣನ ಬಾಯಲ್ಲಿ ಎರಡೇ ದಿನಕ್ಕೆ ಹಬ್ಬಣ್ಣ ಆದ.
"ಹಬ್ಬಣ್ಣಗೆ ಅರ್ಧ ಲೀಟರ್!" ಅಂತ ಕೂಗಿದರೆ
ಓಣಿಯ ಹುಡುಗರಿಗೆಲ್ಲ ಹಬ್ಬ.

ಅವನ ದೇಶದಲ್ಲಿ ಊರಿಂದೂರಿಗೆ ಹೋಗಲು ಚೀಟಿ ಬೇಕಂತೆ.
ಚೀಟಿಯಿಲ್ಲದೆ ಅವ್ವನ ಊರಿಗೆ ಹೋಗಿದ್ದಕ್ಕೆ
ಹನ್ನೊಂದು ತಿಂಗಳು ಒಳಗಿದ್ದನಂತೆ.
ಇದನ್ನು ಹೇಳಿದ್ದು ಮಂಡಕ್ಕಿ ಮುಕ್ಕುತ್ತಾ,
ಮೆಣಸಿನಕಾಯಿ ಬಜ್ಜಿಯ ಖಾರಕ್ಕೆ ಕಣ್ಣೊರೆಸಿಕೊಳ್ಳುತ್ತಾ.
ಯಾವ ನೀರು ಯಾವುದರದ್ದು
ಅಂತ ನಾನು ಕೇಳಲಿಲ್ಲ.

ಶನಿವಾರ ಬಂದು ನಿಂತ.
"ಹರಿಹರಕ್ಕೆ ಹೋಗಿ ಹೊಳೆ ನೋಡಬೇಕು.
ಚೀಟಿ ಯಾರು ಕೊಡುತ್ತಾರೆ?"
ಅಯ್ಯೋ, ಹದಿನಾಲ್ಕು ಕಿಲೋಮೀಟರ್ ಕಣಪ್ಪ,
ಎಮ್ಮೆಗಳೂ ಹೋಗಿ ಬರ್ತಾವೆ.
"ಎಮ್ಮೆಗೆ ಯಾರು ಕೊಡುತ್ತಾರೆ?"
ನಕ್ಕೆ. ಅವನು ನಗಲಿಲ್ಲ.

ಒಳಗೆ ಹೋಗಿ ನಮ್ಮ ಯಜಮಾನರ ಕನ್ನಡ ಮೆಷಿನ್ನಿನ
ಹೊದಿಕೆ ತೆಗೆದೆ. ಒಂಬತ್ತು ವರ್ಷದ ಧೂಳು.
'ರ' ಎಂದಿನಂತೆ ಸಿಕ್ಕಿಕೊಂಡಿತು.
ಶ್ರೀ ಹಬ್ತೋಮ್ ಅವರಿಗೆ ಹರಿಹರಕ್ಕೆ ಹೋಗಿ, ಹೊಳೆ ನೋಡಿ,
ಮನಸ್ಸು ಬಂದಾಗ ಮರಳಲು
ಈ ಮೂಲಕ ಅಪ್ಪಣೆ ಕೊಡಲಾಗಿದೆ.
ಕೆಳಗೆ ಮೊಹರು:
ಶ್ರೀ ಕೊಟ್ಟೂರೇಶ್ವರ ಬೆರಳಚ್ಚು ಶಾಲೆ,
ಹೊಂಡದ ಸರ್ಕಲ್, ದಾವಣಗೆರೆ.
ಶಾಲೆ ಮುಚ್ಚಿ ಕಾಲವಾಗಿದೆ,
ಮೊಹರಿಗೆ ಯಾರೂ ಹೇಳಿಲ್ಲ.

ಸಂಜೆ ಮುಖ ಸಣ್ಣ ಮಾಡಿಕೊಂಡು ಬಂದ.
ಯಾರೂ ಕೇಳಲಿಲ್ಲವಂತೆ!
ಕೊನೆಗೆ ಕಂಡಕ್ಟರಿಗೆ ತಾನೇ ತೋರಿಸಿದನಂತೆ.
ಆ ಪುಣ್ಯಾತ್ಮ ಓದಿ, ಹಿಂದೆ ತಿರುಗಿಸಿ,
'ಬಾಕಿ ಎರಡು ರೂಪಾಯಿ' ಅಂತ ಬರೆದು ಕೊಟ್ಟನಂತೆ.
ಸೇತುವೆ ಮೇಲಿನ ಪೊಲೀಸಪ್ಪನ ಮುಂದೆ ಮೂರು ಸಲ ಅಡ್ಡಾಡಿದರೂ
ಅವನು ಕಡಲೆಕಾಯಿ ಪೊಟ್ಟಣದಿಂದ ತಲೆ ಎತ್ತಲಿಲ್ಲವಂತೆ.
"ಇಷ್ಟು ದೊಡ್ಡ ದೇಶ. ನನ್ನನ್ನು ಯಾರೂ ಕಾಯುತ್ತಿಲ್ಲ,"
ಕನ್ನಡದಲ್ಲೇ ಅಂದ.
ಕಾಯುವುದಕ್ಕೆ ನಮ್ಮಲ್ಲಿ ಎರಡು ಅರ್ಥ,
ರೇವಣ್ಣ ಅವನಿಗೆ ಯಾವುದನ್ನು ಕಲಿಸಿದ್ದನೋ.

ಭಾನುವಾರ ಬೆಣ್ಣೆ ದೋಸೆ ಕಟ್ಟಿಸಿ ತಂದೆ.
"ನಮ್ಮಲ್ಲೂ ಹೀಗೇ ಹುಳಿ ಹಿಟ್ಟು. ಕಾವಲಿಗೆ ಹುಯ್ದರೆ
ಹೀಗೇ ಮೈತುಂಬ ಏಳುತ್ತವಲ್ಲ, ಅವಕ್ಕೆ ಕಣ್ಣು ಅಂತೀವಿ."
ತೂತು ಅಂತಾರೆ, ಅಂದೆ. ಎಲ್ಲರ ಮನೆ ದೋಸೆಯೂ ತೂತೇ ಕಣಪ್ಪ.
ತುಣುಕನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ.
"ತೂತಾದರೆ ಪರವಾಗಿಲ್ಲ," ಅಂದು ನುಂಗಿದ.

ಆಮೇಲೆ 'ಹೋಗಲಾ' ಅನ್ನುವುದು 'ಹೋಗ್ತೀನಿ' ಆಯಿತು,
'ಹೋಗ್ತೀನಿ' ನಮ್ಮೂರಿನ 'ಹೋಗ್ಬರ್ತೀನ್ರೀ' ಆಯಿತು.
ದುರ್ಗಕ್ಕೂ ಹೋಗಿ ಬಂದ. ಟಿಕೆಟ್ ತಗೊಂಡು ಕೋಟೆ ಹೊಕ್ಕವನು
ಬರುವಾಗ ಹೆಬ್ಬಾಗಿಲಲ್ಲಿ ಅರ್ಧ ಗಂಟೆ ನಿಂತಿದ್ದನಂತೆ,
ಯಾರಾದರೂ ಬಿಡಲಿ ಅಂತ.
ಮಂಗವೊಂದು ಬಾಳೆಹಣ್ಣು ಕಿತ್ತುಕೊಂಡು
ಬಿಟ್ಟಿತಂತೆ.

ನಿನ್ನೆ ರಾತ್ರಿ ಫೋನು ಮುಗಿಸಿ ಇಳಿದು ಬಂದ.
"ಇನ್ನೊಂದು ಚೀಟಿ."
ಯಾವ ಊರಿಗಪ್ಪ?
ಅವ್ವನ ಊರಿನ ಹೆಸರು ಹೇಳಿದ.
ಆ ಸದ್ದಿಗೆ ನನ್ನ ಮೆಷಿನ್ನಿನಲ್ಲಿ ಅಕ್ಷರವಿಲ್ಲ,
ಹತ್ತಿರದ್ದೊಂದನ್ನು ಒತ್ತಿದೆ.
ಮೊಹರಿನ ಮಸಿ ಒಣಗಿತ್ತು. ಹಾ ಅಂತ ಉಸಿರು ಊದಿ
ಎರಡೂ ಕೈಯಲ್ಲಿ ಅದುಮಿದೆ. ಅರ್ಧ ಮೂಡಿತು.
ಮಡಚಿ ಜೇಬಿಗಿಟ್ಟುಕೊಂಡ,
ಆ ಎರಡು ರೂಪಾಯಿ ಬಾಕಿಯ ಜೊತೆಗೆ.

ಬೆಳಗ್ಗೆ ಗೇಟಿನ ಸದ್ದಷ್ಟೇ ಕೇಳಿಸಿತು.
ಹೇಳದೇ ಹೋಗಿದ್ದ, ಕಾಲೇಜಿಗೆ.
ಬೆಕ್ಕು ಹೊಸ್ತಿಲಲ್ಲಿ ನಿಂತು
ನನ್ನ ಮುಖ ನೋಡುತ್ತಿತ್ತು.
ಹೋಗು, ಅಂದೆ.